ನಾಯಿ ಮಾರ್ಕಿನ ಪೆಟ್ಟಿಗೆ, ಹೆಸರಿಲ್ಲದ ಹಾಡುಗಾರ

ಕೊಡಗಿನ ಹಳೆಯ ಮನೆಯನ್ನು ಮಾರುವಾಗ ಅಟ್ಟದಿಂದ ಇಳಿದ ಸಾಮಾನಿನಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಹಿತ್ತಾಳೆಯ ಕೊಳಗ ಮತ್ತು ಒಂದು ಕಪ್ಪು ಪೆಟ್ಟಿಗೆ. ಕೊಳಗವನ್ನು ಹೆಂಡತಿ ಅಂದೇ ಹುಣಸೆಹಣ್ಣು ಹಾಕಿ ಬೆಳಗಿಸಿಟ್ಟಳು. ಪೆಟ್ಟಿಗೆಗೆ ನನ್ನ ಆರು ಭಾನುವಾರಗಳು ಬೇಕಾದವು.

ಅಜ್ಜ ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಸ್ವಾತಂತ್ರ್ಯ ಬಂದ ಮೇಲೆ ತೋಟದ ದೊರೆ ಎಲ್ಲವನ್ನೂ ಮಾರಿ ಸೀಮೆಗೆ ಹೊರಟಾಗ ಇದನ್ನು ಅಜ್ಜನ ಕೈಗೆ ಕೊಟ್ಟುಹೋದರಂತೆ. ಮುಚ್ಚಳ ತೆಗೆದರೆ ಒಳಗೆ ನಾಯಿಯ ಚಿತ್ರ, ಹಿಸ್ ಮಾಸ್ಟರ್ಸ್ ವಾಯ್ಸ್, ಅಂದರೆ ಎಚ್‌ಎಂವಿ. ಮಾದರಿ 101, ಕೈಯಲ್ಲಿ ಹಿಡಿದು ಒಯ್ಯುವ ಗ್ರಾಮಫೋನ್, 1925ರಿಂದ 1931ರ ತನಕ ತಯಾರಾದದ್ದು. ಪೇಟೆಯಲ್ಲಿ ‘ಆಂಟಿಕ್’ ಎಂದು ಮಾರುವ, ಹೊಳೆಯುವ ಹಿತ್ತಾಳೆ ಕಹಳೆಯ ಪೆಟ್ಟಿಗೆಗಳನ್ನು ನೋಡಿದವರಿಗೆ ಇದು ಗ್ರಾಮಫೋನ್ ಎಂದೇ ಅನ್ನಿಸುವುದಿಲ್ಲ. ಆ ಹೊಳೆಯುವವುಗಳಲ್ಲಿ ಬಹುಪಾಲು ಮೊನ್ನೆ ಮೊನ್ನೆ ಜೋಡಿಸಿದ ನಕಲುಗಳು, ದುಡ್ಡು ಕೊಡುವ ಮೊದಲು ಎರಡು ಸಲ ಯೋಚಿಸಿ. 101ರಲ್ಲಿ ಕಹಳೆ ಪೆಟ್ಟಿಗೆಯೊಳಗೇ ಮಡಚಿಕೊಂಡು ಕುಳಿತಿರುತ್ತದೆ. ತೆರೆದ ಮುಚ್ಚಳವೇ ಸದ್ದನ್ನು ಮುಂದಕ್ಕೆ ತಳ್ಳುತ್ತದೆ.

ಜೊತೆಗೆ ಏಳು ಹಾಡಿನ ಪ್ಲೇಟುಗಳಿದ್ದವು. ಎರಡು ಒಡೆದಿದ್ದವು, ನಾಲ್ಕಕ್ಕೆ ಕೊಡಗಿನ ಮಳೆಗಾಲಗಳೆಲ್ಲ ಸೇರಿ ಬೂಸ್ಟು ಹಿಡಿಸಿದ್ದವು. ಏಳನೆಯದು ಮಾತ್ರ ಕಾಗದದ ಚೀಲದೊಳಗೆ ಹೇಗೋ ಉಳಿದುಕೊಂಡಿತ್ತು: ‘ಗುಡ್‌ನೈಟ್ ಸ್ವೀಟ್‌ಹಾರ್ಟ್’, ನ್ಯೂ ಮೇಫೇರ್ ಡ್ಯಾನ್ಸ್ ಆರ್ಕೆಸ್ಟ್ರಾ. ಹಾಡಿದವರ ಹೆಸರು ಲೇಬಲ್ಲಿನ ಮೇಲೆ ಎಲ್ಲಿಯೂ ಇಲ್ಲ. ನಡುವೆ ಗಾಯನವೂ ಇದೆ ಎಂಬಷ್ಟು ಮಾತ್ರ ಸಣ್ಣಕ್ಷರದಲ್ಲಿ ಅಚ್ಚಾಗಿದೆ.

ಮೊದಲ ಭಾನುವಾರ: ದಡ್, ದಡ್

ಹಿಡಿ ತೂರಿಸಿ ಕೀ ಕೊಟ್ಟೆ. ಎಂಟು ಸುತ್ತು ಬಿಗಿಯಾಗುತ್ತಿದ್ದಂತೆ ಒಳಗಿನಿಂದ ಯಾರೋ ಬಾಗಿಲು ಗುದ್ದಿದ ಹಾಗೆ ‘ದಡ್’ ಎಂದಿತು. ಇನ್ನೆರಡು ಸುತ್ತಿಗೆ ಮತ್ತೊಮ್ಮೆ. ತಿರುಗುತಟ್ಟೆ ಅರ್ಧ ನಿಮಿಷ ಸುತ್ತಿ ಏದುಸಿರು ಬಿಡುತ್ತಾ ನಿಂತಿತು. ಹತ್ತಿಂಚಿನ ಪ್ಲೇಟಿನ ಒಂದು ಮಗ್ಗುಲು ಸುಮಾರು ಮೂರು ನಿಮಿಷದ್ದು. ಅರ್ಧ ನಿಮಿಷದಲ್ಲಿ ಹಾಡುಗಾರ ಬಾಯಿಯನ್ನೂ ತೆರೆದಿರುವುದಿಲ್ಲ.

ಆ ಗುದ್ದಿಗೆ ಸ್ಪ್ರಿಂಗ್ ಮುರಿದಿರಬೇಕೆಂದೇನೂ ಇಲ್ಲ. ಒಳಗೆ ಸವರಿದ್ದ ಗ್ರೀಸ್ ದಶಕಗಟ್ಟಲೆ ಒಣಗಿ ಗೋಂದಿನಂತಾಗಿರುತ್ತದೆ. ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು, ಬಿಗಿ ಹೆಚ್ಚಾದಾಗ ಒಮ್ಮೆಲೇ ಜಾರಿ ಬಿಡಿಸಿಕೊಳ್ಳುತ್ತವೆ. ಸದ್ದು ಅದರದು. ಸ್ಪ್ರಿಂಗ್ ಮುರಿದಿದ್ದರೆ ಕೀ ಎಷ್ಟು ತಿರುಗಿಸಿದರೂ ಬಿಗಿಯೇ ಹಿಡಿಯುತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಸಮಾಧಾನ.

ಎರಡನೆಯದು: ಚಾಚಾ ಬಂದರು

ಸ್ಪ್ರಿಂಗಿನ ಡಬ್ಬಿ ಬಿಚ್ಚುವ ಕೆಲಸವನ್ನು ಒಬ್ಬನೇ ಮಾಡುವ ಧೈರ್ಯ ನನಗಿರಲಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ, ಇಡೀ ಬೀದಿಗೆ ಅವರು ಚಾಚಾ. ಪೆಟ್ಟಿಗೆಯನ್ನು ನೋಡಿದವರೇ, “ಮೇಷ್ಟ್ರೇ, ಮೊದಲು ಇದರ ಜೀವ ಪೂರ್ತಿ ಇಳಿಸಿ. ಆಮೇಲೆ ಸ್ಕ್ರೂಡ್ರೈವರ್ ಮುಟ್ಟಿ” ಎಂದರು. ಅಂದರೆ ಕೀ ಪೂರ್ತಿ ಬಿಚ್ಚಿಕೊಳ್ಳುವವರೆಗೂ ತಿರುಗುತಟ್ಟೆಯನ್ನು ಓಡಲು ಬಿಡಬೇಕು, ನಿಂತ ಮೇಲೂ ಬೆರಳಿನಿಂದ ತಿರುಗಿಸಿ ನೋಡಬೇಕು. ಹಾಗೆ ಮಾಡದೆ ಡಬ್ಬಿ ತೆರೆದರೆ ಕೆಲವು ಮೀಟರ್ ಉದ್ದದ ಉಕ್ಕಿನ ಪಟ್ಟಿ ಮುಖಕ್ಕೇ ಹಾರುತ್ತದೆ.

ತಟ್ಟೆ ಎತ್ತಿ, ಹಲಗೆಯ ಸ್ಕ್ರೂಗಳನ್ನು ಕಳಚಿ ಮೋಟಾರನ್ನು ಹೊರತೆಗೆದೆವು. ಡಬ್ಬಿಯ ಮುಚ್ಚಳ ಬಿಚ್ಚಿದಾಗ ಒಳಗಿದ್ದದ್ದು ಗ್ರೀಸ್ ಅಲ್ಲ, ಹಳೆಯ ಬೆಲ್ಲದ ಪಾಕ. ಚಾಚಾ ದಪ್ಪ ಕೈಗವಸು ಹಾಕಿ, ಡಬ್ಬಿಯನ್ನು ಗೋಣಿಚೀಲದೊಳಗೆ ಇಟ್ಟುಕೊಂಡು, ಸ್ಪ್ರಿಂಗನ್ನು ನಡುವಿನಿಂದ ಒಂದೊಂದೇ ಸುರುಳಿಯಾಗಿ ಹೊರಗೆ ಬಿಟ್ಟರು. ಕೈಗವಸು ಹಾಕಿರದ ನಾನು ಸಹಾಯ ಮಾಡಲು ಹೋಗಿ ಹೆಬ್ಬೆರಳು ಕೊಯ್ದುಕೊಂಡೆ.

ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಮರುದಿನ ಹಳೆಯ ಪಂಚೆಯ ತುಂಡಿನಿಂದ ಉಜ್ಜಿದ ಮೇಲೆ ಉಕ್ಕು ನೀಲಿಗಪ್ಪಾಗಿ ಕಾಣಿಸಿತು. ಬಿರುಕಿರಲಿಲ್ಲ. ಆಟೊಮೊಬೈಲ್ ಅಂಗಡಿಯಲ್ಲಿ ಸಿಕ್ಕ ಗ್ರಾಫೈಟ್ ಬೆರೆಸಿದ ಗ್ರೀಸನ್ನು ತೆಳ್ಳಗೆ ಸವರಿ ಮತ್ತೆ ಸುತ್ತಿ ಕೂರಿಸಿದೆವು. ಹೊರಗೆ ತೆಗೆಯಲು ಹತ್ತು ನಿಮಿಷ, ಒಳಗೆ ಕೂರಿಸಲು ಒಂದೂವರೆ ಗಂಟೆ ಹಿಡಿಯಿತು. ಚಾಚಾ ದುಡ್ಡು ಮುಟ್ಟಲಿಲ್ಲ. “ಹಾಡಿದ ದಿನ ಕರೆಯಿರಿ, ಚಹಾ ಕುಡಿಯುತ್ತೇನೆ” ಎಂದು ಹೋದರು.

ಮೂರನೆಯದು: ಝೀರೋ ಬಲ್ಬು

ಗವರ್ನರ್ ಎಂದರೆ ವೇಗವನ್ನು ಹಿಡಿತದಲ್ಲಿಡುವ ಭಾಗ. ಚಪ್ಪಟೆ ಸ್ಪ್ರಿಂಗುಗಳ ಮೇಲೆ ಮೂರು ಸೀಸದ ಗುಂಡುಗಳು ಗಿರಗಿರನೆ ಸುತ್ತುತ್ತವೆ. ವೇಗ ಹೆಚ್ಚಾದಂತೆ ಗುಂಡುಗಳು ಹೊರಕ್ಕೆ ಚಾಚಿ ಒಂದು ಬಿಲ್ಲೆಯನ್ನು ಎಳೆಯುತ್ತವೆ, ಬಿಲ್ಲೆ ಒಂದು ತೊಗಲಿನ ತುಂಡಿಗೆ ತಾಗಿ ಉಜ್ಜುತ್ತದೆ. ಅಷ್ಟೇ ಬ್ರೇಕು. ನನ್ನದರಲ್ಲಿ ಆ ತೊಗಲು ಒಣಗಿ ಕಲ್ಲಾಗಿ ಕಿರ್‍ರ್ ಎನ್ನುತ್ತಿತ್ತು. ಸವೆದ ಕೊಲ್ಲಾಪುರಿ ಚಪ್ಪಲಿಯೊಂದರ ಅಂಚಿನಿಂದ ಕಡಲೆಕಾಳಿನಷ್ಟು ತೊಗಲು ಕತ್ತರಿಸಿ, ಹೊಲಿಗೆ ಯಂತ್ರದ ಎಣ್ಣೆಯಲ್ಲಿ ಅದ್ದಿ ಅಲ್ಲಿ ಕೂರಿಸಿದೆ. ಸದ್ದಡಗಿತು.

ವೇಗ ನಿಮಿಷಕ್ಕೆ 78 ಸುತ್ತು ಇರಬೇಕು. ಪ್ಲೇಟಿನ ಕೆಳಗೆ ಕಾಗದದ ಚೂರು ಸಿಕ್ಕಿಸಿ ಗಡಿಯಾರ ನೋಡುತ್ತಾ ಎಣಿಸಿದರೆ 83 ಬಂತು. ಐದು ಸುತ್ತು ಏನು ಮಹಾ ಎನ್ನಬೇಡಿ. ಅಷ್ಟಕ್ಕೇ ಶ್ರುತಿ ಒಂದು ಸ್ವರಸ್ಥಾನದಷ್ಟು ಮೇಲೇರುತ್ತದೆ, ಹಾಡುಗಾರ ಬೇರೆಯೇ ಮನುಷ್ಯನಾಗುತ್ತಾನೆ. ಎಣಿಕೆಯಲ್ಲಿ ಒಂದೆರಡು ತಪ್ಪುವುದರಿಂದ 77 ಗೆರೆಗಳ ಚಕ್ರವೊಂದನ್ನು ಕಾಗದದಲ್ಲಿ ಮುದ್ರಿಸಿ ತಿರುಗುತಟ್ಟೆಯ ಮೇಲಿಟ್ಟೆ. ನಮ್ಮ ವಿದ್ಯುತ್ತು 50 ಹರ್ಟ್ಸ್, ಬಲ್ಬು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ನಿಮಿಷಕ್ಕೆ ಆರು ಸಾವಿರ. ಅದನ್ನು 77ರಿಂದ ಭಾಗಿಸಿದರೆ 77.92. ವೇಗ ಸರಿಯಿದ್ದರೆ ಗೆರೆಗಳು ನಿಂತಂತೆ ಕಾಣಬೇಕು.

ಕಾಣಲಿಲ್ಲ. ಮನೆಯ ಎಲ್‌ಇಡಿ ದೀಪದಲ್ಲಿ ಬರೀ ಬೂದು ಬಣ್ಣ. ಅರ್ಧ ದಿನ ಗವರ್ನರನ್ನೇ ಬೈದುಕೊಂಡ ಮೇಲೆ ತಿಳಿಯಿತು: ಈ ದೀಪ ಕಣ್ಣಿಗೆ ಕಾಣುವಷ್ಟು ಮಿನುಗುವುದೇ ಇಲ್ಲ. ದೇವರ ಮನೆಯ ಹಳೆಯ ಝೀರೋ ಕ್ಯಾಂಡಲ್ ಬಲ್ಬನ್ನು ಕಳಚಿ ತಂದು ಹತ್ತಿರ ಹಿಡಿದೆ. ಅದರ ತಂತಿ ಕೂದಲೆಳೆಯಷ್ಟು ತೆಳು. ಬೇಗ ಕಾದು ಬೇಗ ಆರುವುದರಿಂದ ಮಿನುಗು ಚೆನ್ನಾಗಿ ಕಾಣುತ್ತದೆ. ವೇಗದ ಸನ್ನೆಯನ್ನು ನಿಧಾನದ ಕಡೆಗೆ ಕೂದಲಷ್ಟು ಸರಿಸಿದಾಗ ಎಪ್ಪತ್ತೇಳು ಗೆರೆಗಳೂ ಗಪ್‌ಚಿಪ್ ನಿಂತುಬಿಟ್ಟವು, ಕೆಳಗೆ ತಟ್ಟೆ ಓಡುತ್ತಲೇ ಇತ್ತು.

ನಾಲ್ಕನೆಯದು: ಬ್ಯಾಂಡು ಸರಿ, ಹಾಡು ತಪ್ಪು

ಪ್ಲೇಟು ತೊಳೆಯುವ ಬಗ್ಗೆ ಒಂದು ಮಾತು. ಇವು ಪ್ಲಾಸ್ಟಿಕ್ ಅಲ್ಲ, ಅರಗು. ಅರಗಿಗಿಂತ ಕಲ್ಲಿನ ಪುಡಿಯೇ ಹೆಚ್ಚು. ಬಡಗಿಗಳು ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಪಾಲಿಶ್ ಮಾಡುವುದನ್ನು ನೋಡಿರುತ್ತೀರಿ. ಹಾಗಾಗಿ ಪ್ಲೇಟಿಗೆ ಸ್ಪಿರಿಟ್ ಮುಟ್ಟಿಸಿದರೆ ಹಾಡೇ ಕರಗಿಹೋಗುತ್ತದೆ. ಉಗುರು ಬೆಚ್ಚಗಿನ ನೀರು, ಒಂದು ಹನಿ ಮಕ್ಕಳ ಶ್ಯಾಂಪೂ, ಮೆತ್ತನೆಯ ಬ್ರಷ್ಷು ಸಾಕು. ಲೇಬಲ್ ಒದ್ದೆಯಾಗಬಾರದು. ಪ್ಲೇಟಿನ ಮೇಲೆ ಓಡುವ ಮುಳ್ಳು ಒಂದು ಮಗ್ಗುಲಿಗೆ ಒಂದು, ಮತ್ತೆ ಅದನ್ನು ಬಳಸುವಂತಿಲ್ಲ. ಕಲ್ಲಿನ ಪುಡಿ ಉಕ್ಕಿನ ಮುಳ್ಳನ್ನು ಪ್ಲೇಟಿನ ಗೀರಿನ ಜಾಡಿಗೆ ತಕ್ಕಂತೆ ಅರೆದುಕೊಳ್ಳುತ್ತದೆ. ಅರೆದು ಮೊನಚಾದ ಅಂಚು ಮುಂದಿನ ಸಲ ಜಾಡನ್ನೇ ಕೆತ್ತುತ್ತದೆ. ಆಮೇಲೆ ಬಂದ ಪ್ಲಾಸ್ಟಿಕ್ಕಿನ ಎಲ್‌ಪಿ ಪ್ಲೇಟನ್ನಂತೂ ಇದರ ಮೇಲೆ ಇಡಲೇಬೇಡಿ. ಮುಳ್ಳಿನ ಮೇಲೆ ಕೂರುವ ಭಾರ ನೂರು ಗ್ರಾಮಿಗೂ ಹೆಚ್ಚು.

ಮುಳ್ಳು ಇಳಿಸಿದೆ. ಬ್ಯಾಂಡು ಬಂತು. ಎಷ್ಟು ಚೆನ್ನಾಗಿ ಬಂತೆಂದರೆ ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು. ಪಿಟೀಲು, ಸ್ಯಾಕ್ಸೊಫೋನು, ತುತ್ತೂರಿ ಎಲ್ಲವೂ ತುಂಬಿದ ಸದ್ದು. ಕೆಲಸ ಮುಗಿಯಿತೆಂದು ಕೈ ಒರೆಸಿಕೊಂಡೆ. ಅಷ್ಟರಲ್ಲಿ ಬ್ಯಾಂಡು ತಗ್ಗಿ ಹಾಡುಗಾರ ಶುರು ಮಾಡಿದ. ಅವನ ಒಂದೊಂದು ನೀಳ ಸ್ವರದ ಸುತ್ತಲೂ ಜೀರುಂಡೆಯಂಥ ಗುಂಯ್‌ಗುಟ್ಟುವಿಕೆ. ಹಾಡು ಮುಗಿದು ಬ್ಯಾಂಡು ಮರಳಿ ಎತ್ತಿಕೊಂಡದ್ದೇ ಜೀರುಂಡೆ ಮಾಯ. ತುತ್ತೂರಿ ಮುಚ್ಚಿಹಾಕುತ್ತಿದ್ದ ದೋಷವನ್ನು ಆ ಮೆತ್ತಗಿನ ದನಿ ತೋರಿಸಿಕೊಟ್ಟಿತ್ತು.

ಮೆತ್ತಗಿನ ದನಿ ಎಂದೆ. ಅದೇ ಆ ಕಾಲದ ಹೊಸತು. 1925ಕ್ಕೆ ಮೊದಲು ಧ್ವನಿಮುದ್ರಣವೆಂದರೆ ಕಹಳೆಯೊಂದರ ಬಾಯಿಗೆ ಗಂಟಲು ಬಿರಿಯುವಂತೆ ಹಾಡುವುದು. ಕಂಪನಿ ನಾಟಕದ ನಟರು ಕೊನೆಯ ಸಾಲಿನ ಚಾಪೆಯವರಿಗೂ ಕೇಳಲೆಂದು ಏರು ಶ್ರುತಿಯಲ್ಲಿ ಎತ್ತುತ್ತಿದ್ದರಲ್ಲ, ಹಾಗೆ. ಮೈಕು ಬಂದ ಮೇಲೆ ಕಿರುಚುವ ಅಗತ್ಯ ತಪ್ಪಿತು. ಗಾಯಕ ಕಿವಿಯ ಹತ್ತಿರ ಬಂದು ಮಾತನಾಡಿದಂತೆ ಹಾಡಬಹುದಾಯಿತು. ಹಾಗೆ ಹಾಡುವವರನ್ನು ಕ್ರೂನರ್ ಎಂದು ಕರೆದರು. ಹಳಬರಿಗೆ ಅದು ಬೈಗುಳದಂತೆಯೇ ಇತ್ತು. ನನ್ನ ಪೆಟ್ಟಿಗೆಗೆ ಮೈಕೂ ಇಲ್ಲ, ವಿದ್ಯುತ್ತೂ ಇಲ್ಲ, ಸದ್ದು ಹೆಚ್ಚು ಕಡಿಮೆ ಮಾಡುವ ಗುಂಡಿಯೂ ಇಲ್ಲ. ಮೈಕಿನ ಮುಂದೆ ಪಿಸುಗುಟ್ಟಿದ್ದನ್ನು ಒಂದು ಅಭ್ರಕದ ಬಿಲ್ಲೆ ನಡುಗಿಯೇ ಹೊರಗೆ ಹಾಕಬೇಕು.

ಆ ದನಿ ಅಲ್ ಬೋಲಿಯದು. ನ್ಯೂ ಮೇಫೇರ್ ಎಂಬ ಬ್ಯಾಂಡು ಯಾವ ಹೋಟೆಲಿನಲ್ಲೂ ನುಡಿಸಿದ್ದಲ್ಲ. ಎಚ್‌ಎಂವಿ ಕಂಪನಿ ಬೇರೆ ಬೇರೆ ಬ್ಯಾಂಡುಗಳ ವಾದಕರನ್ನು ಸ್ಟುಡಿಯೊಗೆ ಕರೆಸಿ ಮುದ್ರಣಕ್ಕೆಂದೇ ಕಟ್ಟಿದ್ದು, ಆಗ ಅದರ ಮುಖ್ಯಸ್ಥ ರೇ ನೋಬಲ್. 1930ರ ನವೆಂಬರಿನಲ್ಲಿ ನೋಬಲ್ ಜೊತೆ ಬೋಲಿ ಹಾಡಲು ಶುರು ಮಾಡಿದ. 1931ರಲ್ಲಿ ನನ್ನ ಕೈಯಲ್ಲಿರುವ ಈ ಹಾಡು. ಅದನ್ನು ಬರೆದವರಲ್ಲಿ ನೋಬಲ್ ಕೂಡ ಒಬ್ಬರು. ಮುಂದಿನ ನಾಲ್ಕು ವರ್ಷಗಳಲ್ಲಿ ಬೋಲಿ ಹಾಡಿದ್ದು ಐನೂರಕ್ಕೂ ಹೆಚ್ಚು ಹಾಡು. ಹಗಲು ಸ್ಟುಡಿಯೊ, ರಾತ್ರಿ ಲಂಡನ್ನಿನ ಪಿಕಾಡಿಲಿಯ ಮಾನ್ಸೆನ್ಯೂರ್ ರೆಸ್ಟೊರೆಂಟಿನಲ್ಲಿ ಮೊದಲು ರಾಯ್ ಫಾಕ್ಸ್, ಆಮೇಲೆ ಲ್ಯೂ ಸ್ಟೋನ್ ಅವರ ಬ್ಯಾಂಡಿನ ಮುಂದೆ. ಡ್ಯಾನ್ಸಿನ ಪ್ಲೇಟುಗಳಲ್ಲಿ ಬ್ಯಾಂಡೇ ಯಜಮಾನ. ಗಾಯಕ ನಡುವೆ ಬಂದು ಒಂದು ಪಲ್ಲವಿ ಹಾಡಿ ಸರಿದುಹೋಗುವವನು. ಹೆಸರು ಹಾಕದ ಲೇಬಲ್ಲುಗಳು ಎಷ್ಟೋ.

ಐದನೆಯದು: ಸೈಕಲ್ ವಾಲ್ವ್ ಟ್ಯೂಬು

ಜೀರುಂಡೆ ಕುಳಿತಿದ್ದದ್ದು ಮುಳ್ಳಿನ ನಡುಕವನ್ನು ಸದ್ದಾಗಿಸುವ ಸೌಂಡ್‌ಬಾಕ್ಸಿನಲ್ಲಿ. 101ಕ್ಕೆ ಬರುವುದು ನಾಲ್ಕನೇ ನಂಬರಿನದು. ದುಂಡಗಿನ ಲೋಹದ ಗೂಡು, ಒಳಗೆ ಅಭ್ರಕದ ಬಿಲ್ಲೆ, ಬಿಲ್ಲೆಯ ಎರಡೂ ಮಗ್ಗುಲಿಗೆ ತೆಳುವಾದ ರಬ್ಬರ್ ಕೊಳವೆಯ ಬಳೆ. ಬಿಲ್ಲೆ ಈ ಎರಡು ಬಳೆಗಳ ನಡುವೆ ತೇಲುವಂತಿರಬೇಕು. ನನ್ನದರಲ್ಲಿ ರಬ್ಬರ್ ಒಣಗಿ ಅವಲಕ್ಕಿಯಂತೆ ಪುಡಿಯಾಗಿ, ಬಿಲ್ಲೆಯ ಅಂಚು ಲೋಹಕ್ಕೇ ತಾಗುತ್ತಿತ್ತು.

ಇಲ್ಲಿ ನಿಧಾನವೇ ಪ್ರಧಾನ. ಹಿಂಬದಿಯ ಎರಕ ಹಳೆಯದಾದಷ್ಟೂ ಬಿರುಕುಬಿಡುವ ಜಾತಿ, ಸ್ಕ್ರೂ ಜೋರಾಗಿ ತಿರುಗಿಸಿದರೆ ಬಿಸ್ಕತ್ತಿನಂತೆ ಮುರಿಯುತ್ತದೆ. ಮುಳ್ಳಿನ ಕಡ್ಡಿಯ ತುದಿ ಬಿಲ್ಲೆಯ ನಡುಮಧ್ಯೆ ಎಳ್ಳಿನಷ್ಟು ಸ್ಕ್ರೂವಿನಿಂದ ಕೂತಿದೆ, ಅದರ ಮೇಲೊಂದು ತೊಟ್ಟು ಜೇನುಮೇಣ. ಮೇಣವನ್ನು ಬಿಸಿ ಸೂಜಿಯಿಂದ ಕರಗಿಸಿ, ಸ್ಕ್ರೂ ಬಿಚ್ಚಿ ಬಿಲ್ಲೆಯನ್ನು ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಒಂದು ಕಡೆ ಈರುಳ್ಳಿ ಸಿಪ್ಪೆಯಂತೆ ಪದರ ಬಿಟ್ಟಿತ್ತು, ನಡುವೆ ಸ್ವಚ್ಛ. ಅಂಚು ರಬ್ಬರಿನ ಅಡಿಗೇ ಹೋಗುವುದರಿಂದ ಹಾಗೇ ಬಿಟ್ಟೆ.

ಬಳೆಗೆ ಸೈಕಲ್ ಅಂಗಡಿಯಿಂದ ವಾಲ್ವ್ ಟ್ಯೂಬು ತಂದೆ. ಅಂಗಡಿಯ ಹುಡುಗ ಒಂದು ಗೇಣು ಕತ್ತರಿಸಿ ಕೊಟ್ಟ. ಗೂಡಿನ ಸುತ್ತಳತೆಗೆ ಕತ್ತರಿಸಿ, ತುದಿಗೆ ತುದಿ ಕೂಡಿಸಿ ಜೋಡಿಸಿದೆ. ಗೂಡು ಮುಚ್ಚಿತೇನೋ ನಿಜ, ಆದರೆ ಕಷ್ಟಪಟ್ಟು. ಹಾಕಿ ಕೇಳಿದರೆ ಜೀರುಂಡೆ ಹೋಗಿದೆ, ಬೋಲಿಯೂ ಅರ್ಧ ಹೋಗಿದ್ದಾನೆ. ಕಂಬಳಿ ಹೊದ್ದು ಹಾಡಿದಂತೆ. ರಬ್ಬರ್ ದಪ್ಪವಾಗಿ ಬಿಲ್ಲೆಯ ಕುತ್ತಿಗೆ ಹಿಸುಕುತ್ತಿತ್ತು.

ಇದೇ ವಾರ ಬೋಲಿಯ ಬದುಕಿನ ಬಗ್ಗೆ ಓದುತ್ತಿದ್ದೆ. 1934ರಲ್ಲಿ ನೋಬಲ್ ಜೊತೆ ನ್ಯೂಯಾರ್ಕಿಗೆ ಹೋದ. ಅಲ್ಲಿ ಅವರಿಗೆ ವಾದಕರನ್ನು ಕೂಡಿಸಿಕೊಟ್ಟದ್ದು ಮುಂದೆ ದೊಡ್ಡ ಬ್ಯಾಂಡ್ ನಾಯಕನಾದ ಗ್ಲೆನ್ ಮಿಲ್ಲರ್, ಆಗಿನ್ನೂ ಆತ ಹೆಸರಾಗಿರಲಿಲ್ಲ. ರಾಕ್‌ಫೆಲ್ಲರ್ ಸೆಂಟರಿನ ರೇನ್‌ಬೋ ರೂಮಿನಲ್ಲಿ ಹಾಡಿ, ಲಂಡನ್ನಿಗೆ ಮರಳಿದ ಮೇಲೆ 1937ರಲ್ಲಿ ಗಂಟಲು ಕೈಕೊಟ್ಟಿತು. ಧ್ವನಿತಂತುವಿನ ಮೇಲೆ ಒಂದು ಸಣ್ಣ ಗಂಟು. ಶಸ್ತ್ರಚಿಕಿತ್ಸೆಗೆ ಮತ್ತೆ ನ್ಯೂಯಾರ್ಕಿಗೇ ಹೋಗಬೇಕಾಯಿತು. ದನಿ ಮರಳಿತು, ಆದರೆ ಮೊದಲಿನ ಬೇಡಿಕೆ ಮರಳಲಿಲ್ಲ. ಗೂಡಿನೊಳಗಿನ ಬಿಲ್ಲೆಯನ್ನು ನೋಡುತ್ತಾ ಕುಳಿತವನಿಗೆ ಈ ಪುಟ ಓದಿದಾಗ ಕೈ ತಾನಾಗಿಯೇ ಗಂಟಲಿಗೆ ಹೋಯಿತು.

ಎರಡನೆಯ ಸಲಕ್ಕೆ ಇನ್ನೂ ತೆಳುವಾದ ಸಿಲಿಕೋನ್ ಕೊಳವೆ ತಂದೆ, ಮೀನಿನ ತೊಟ್ಟಿಯ ಸಾಮಾನು ಮಾರುವ ಅಂಗಡಿಯಲ್ಲಿ ಹುಡುಕಿ ಹುಡುಕಿ. ಈಗ ಮುಚ್ಚಳ ಬೆರಳಿನ ಒತ್ತಿಗೇ ಕೂತಿತು. ಸ್ಕ್ರೂಗಳನ್ನು ಒಂದೇ ಸಲ ಬಿಗಿ ಮಾಡದೆ, ಮಂಚದ ನುವಾರು ಎಳೆಯುವಂತೆ ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಮುಳ್ಳಿನ ಕಡ್ಡಿಯ ತಿರುಗಣೆ ಅಲುಗಾಡಬಾರದು, ಬಿಗಿಯೂ ಆಗಬಾರದು. ಅಲುಗಿದರೆ ಗುಂಯ್‌ಗುಡುತ್ತದೆ, ಬಿಗಿಯಾದರೆ ಕೆಳಗಿನ ಸ್ವರಗಳು ಸಾಯುತ್ತವೆ. ಮೂರು ಸಲ ಬಿಚ್ಚಿ ಹಾಕಿದೆ. ಸೌಂಡ್‌ಬಾಕ್ಸನ್ನು ಅದನ್ನು ಹೊರುವ ಲೋಹದ ತೋಳಿಗೆ, ಟೋನ್‌ಆರ್ಮಿಗೆ ಸೇರಿಸುವ ರಬ್ಬರ್ ಕೂಡ ಕಲ್ಲಾಗಿತ್ತು. ಸ್ಕೂಟರಿನ ಹಳೆಯ ಟ್ಯೂಬಿನಿಂದ ಎರಡು ಪದರ ಕತ್ತರಿಸಿ ಅದರ ಜಾಗಕ್ಕೆ ಹಾಕಿದೆ. ನಡುವಿನ ಸ್ಕ್ರೂ ಮೇಲೆ ಹೊಸ ಜೇನುಮೇಣ, ಕೊಡಗಿನದೇ.

ಆರನೆಯದು: ಚಹಾ

ಚಾಚಾ ಬಂದರು. ಕೀ ಕೊಟ್ಟೆ, ಗುದ್ದಿಲ್ಲ. ಹೊಸ ಮುಳ್ಳು ಹಾಕಿ ಇಳಿಸಿದೆ. ಬ್ಯಾಂಡು ಒಂದು ಸುತ್ತು ಹೋಯಿತು. ನಾನು ಬ್ಯಾಂಡನ್ನು ಕೇಳುತ್ತಲೇ ಇರಲಿಲ್ಲ, ಉಸಿರು ಹಿಡಿದು ಅದು ತಗ್ಗುವುದನ್ನೇ ಕಾಯುತ್ತಿದ್ದೆ. ಅವನು ಬಂದ. ಶಬ್ದದ ಕೊನೆಯ ವ್ಯಂಜನವನ್ನು ಮುಚ್ಚುವ ಮುನ್ನ ಸ್ವಲ್ಪ ತಡೆಯುತ್ತಾನೆ; ಸ್ವರ ಬಿಡುವಾಗ ಒಂದು ಸಣ್ಣ ನಡುಕ. ನಾಲ್ಕನೆಯ ಭಾನುವಾರ ಜೀರುಂಡೆಯ ಸದ್ದಿನಲ್ಲಿ ಅದು ನಡುಕವೋ ದೋಷವೋ ತಿಳಿಯುತ್ತಿರಲಿಲ್ಲ. ಅದು ಅವನದೇ ನಡುಕ.

“ಯಾರು ಮೇಷ್ಟ್ರೇ ಇವರು?” ಎಂದರು ಚಾಚಾ, ಲೇಬಲ್ಲನ್ನು ತಿರುಗಿಸಿ ನೋಡುತ್ತಾ.

ಹೇಳಿದೆ. ಮೊಜಾಂಬಿಕಿನ ಲೊರೆನ್ಸೊ ಮಾರ್ಕೆಸ್‌ನಲ್ಲಿ, ಇಂದಿನ ಮಾಪುಟೊದಲ್ಲಿ ಹುಟ್ಟಿದವನು. ತಂದೆ ಗ್ರೀಕ್, ತಾಯಿ ಲೆಬನಾನಿನ ಕಡೆಯವರು. ಬೆಳೆದದ್ದು ಜೋಹಾನ್ಸ್‌ಬರ್ಗಿನಲ್ಲಿ, ಕಸುಬು ಕ್ಷೌರದ್ದು. ಬ್ಯಾಂಜೊ ಹಿಡಿದು ಎಡ್ಗರ್ ಅಡೆಲರ್ ಎಂಬುವರ ಬ್ಯಾಂಡಿನ ಜೊತೆ ಆಫ್ರಿಕ, ಇಂಡಿಯಾ, ಜಾವಾ ಸುತ್ತಿದ. ಸುರಬಾಯದಲ್ಲಿ ಯಜಮಾನನೊಂದಿಗೆ ಜಗಳವಾಗಿ ಕೆಲಸ ಹೋಯಿತು. 1926ರ ಹೊತ್ತಿಗೆ ಕಲ್ಕತ್ತೆಯ ಗ್ರ್ಯಾಂಡ್ ಹೋಟೆಲಿನಲ್ಲಿ ಜಿಮ್ಮಿ ಲೆಕೀಮ್ ಬ್ಯಾಂಡಿನಲ್ಲಿದ್ದ. ಆಮೇಲೆ ಸಿಂಗಪುರ, ಬರ್ಲಿನ್, 1928ರಲ್ಲಿ ಲಂಡನ್.

“ಕಲ್ಕತ್ತೆಯಲ್ಲಿ ಇದ್ದರೇ?” ಚಾಚಾಗೆ ಅದೇ ದೊಡ್ಡದೆನ್ನಿಸಿತು. ನನಗೂ ಅನ್ನಿಸಿತ್ತು. ಈ ದೇಶದಲ್ಲಿ ಪ್ಲೇಟು ಒತ್ತುವ ಕಾರ್ಖಾನೆ ಇದ್ದದ್ದು ಕಲ್ಕತ್ತೆಯ ಡಂಡಂನಲ್ಲಿ, ಅರಗು ಸಿಗುತ್ತಿದ್ದದ್ದು ಛೋಟಾ ನಾಗಪುರದ ಮುತ್ತುಗ, ಬೋರೆ ಮರಗಳಲ್ಲಿ. ಇಂಗ್ಲೆಂಡಿನಲ್ಲಿ ಒತ್ತಿದ ಪ್ಲೇಟುಗಳಿಗೂ ಅರಗು ನಮ್ಮಲ್ಲಿಂದಲೇ ಹಡಗು ಹತ್ತಬೇಕಿತ್ತು.

“ಈಗ ಇಲ್ಲವೇನೋ?”

1941ರ ಏಪ್ರಿಲ್ 16ರ ರಾತ್ರಿ ಹೈ ವಿಕಮ್ ಎಂಬ ಊರಿನ ರೆಕ್ಸ್ ಚಿತ್ರಮಂದಿರದಲ್ಲಿ ಗೆಳೆಯ ಜಿಮ್ಮಿ ಮೆಸೀನ್ ಜೊತೆ ಎರಡು ಗಿಟಾರ್ ಹಿಡಿದು ಹಾಡಿದ್ದ. ರಾತ್ರಿ ಅಲ್ಲೇ ಉಳಿಯಬಹುದಿತ್ತು. ಕೊನೆಯ ರೈಲು ಹಿಡಿದು ಲಂಡನ್ನಿನ ಜರ್ಮಿನ್ ಬೀದಿಯ ತನ್ನ ಕೋಣೆಗೆ ಬಂದ. ಬೆಳಗಿನ ಜಾವ ಜರ್ಮನ್ ವಿಮಾನವೊಂದು ಪ್ಯಾರಾಚೂಟಿಗೆ ಕಟ್ಟಿ ಇಳಿಸಿದ ಮೈನ್ ಎಂಬ ಸಿಡಿಗುಂಡು ಮನೆಯ ಹೊರಗೆ ಸಿಡಿಯಿತು. ಮಲಗುವ ಕೋಣೆಯ ಬಾಗಿಲು ತಿರುಗಣಿಯಿಂದ ಕಿತ್ತು ತಲೆಗೆ ಬಡಿಯಿತು. ಮೈಮೇಲೆ ಗಾಯದ ಗುರುತೇ ಇರಲಿಲ್ಲವಂತೆ. ಅದಕ್ಕೆ ಹದಿನೈದು ದಿನ ಮೊದಲು ಕೊನೆಯ ಸಲ ಸ್ಟುಡಿಯೊದಲ್ಲಿ ಹಾಡಿದ್ದು ಹಿಟ್ಲರನ ಸಾವನ್ನು ಹಾರೈಸುವ ಹಾಡು. ಆ ದಾಳಿಯಲ್ಲಿ ಸತ್ತ ಇತರರ ಜೊತೆ ಹ್ಯಾನ್ವೆಲ್ ಸ್ಮಶಾನದ ಸಾಮೂಹಿಕ ಗುಂಡಿಯಲ್ಲಿ ಮಣ್ಣು ಮಾಡಿದರು.

ಚಾಚಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಲೋಟ ಕೆಳಗಿಟ್ಟು, “ಮುಳ್ಳು ಬದಲಿಸಿ, ಇನ್ನೊಮ್ಮೆ ಹಾಕಿ” ಎಂದರು.

ಎರಡನೆಯ ಸಲ ಕೇಳಿದ ಮೇಲೆ ಕಾಗದದ ಚೀಲದ ಮೂಲೆಯಲ್ಲಿ ಪೆನ್ಸಿಲಿನಿಂದ ‘ಅಲ್ ಬೋಲಿ’ ಎಂದು ಬರೆದಿಟ್ಟೆ. ಡಬ್ಬಿಯಲ್ಲಿ ನಲವತ್ತೊಂದು ಮುಳ್ಳುಗಳು ಉಳಿದಿವೆ. ತಟ್ಟೆ ನಿಲ್ಲಿಸುವ ಬ್ರೇಕು ಇನ್ನೂ ಸರಿ ಕಚ್ಚುತ್ತಿಲ್ಲ. ಅದರ ಸ್ಪ್ರಿಂಗ್ ಸಿಗುವವರೆಗೆ ಹಾಡು ಮುಗಿದ ಮೇಲೆ ಬೆರಳೊತ್ತಿಯೇ ನಿಲ್ಲಿಸುತ್ತಿದ್ದೇನೆ.